ನೀರು ಒಡೆದ ಜಾಗ

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕಲಿಯಬೇಕಾದದ್ದು ಬಿಳಿ ಬಣ್ಣವನ್ನು ನಂಬದಿರುವುದು. ತೊಟ್ಟಿಯಿಂದ ಎತ್ತಿದ ಜಾಬು, ಅಂದರೆ ಲೇಪ ಹಾಕಲು ಬಂದ ಲೋಹದ ತುಂಡು, ಸುಣ್ಣ ಬಳಿದ ಹೊಸ ಗೋಡೆಯ ಹಾಗೆ ಬೆಳ್ಳಗೆ, ಸಮನಾಗಿ ಕಾಣುತ್ತದೆ. ಒಲೆಯಲ್ಲಿ ಕಾದು ಬಂದ ಮೇಲೂ ಹಾಗೇ ಕಾಣುತ್ತದೆ. ಟೇಪು ಅಂಟಿಸಿ, ಉಗುರಿನಿಂದ ತೀಡಿ, ಸರಕ್ಕನೆ ಎಳೆದಾಗ ಮಾತ್ರ ಆ ಬಿಳಿ ಲೇಪ ಲೋಹವನ್ನು ಹಿಡಿದಿದೆಯೋ, ಸುಮ್ಮನೆ ಮೇಲೆ ಕೂತಿದೆಯೋ ಎಂದು ತಿಳಿಯುತ್ತದೆ.

ನಾನು ನಿವೃತ್ತನಾದ ದಿನ ಹಾರ ಹಾಕಿ, "ನಂಜುಂಡಪ್ಪನವರೇ, ನಿಮ್ಮ ಅನುಭವ ಬರೆದುಕೊಡಿ, ಹೊಸಬರಿಗೆ ಬೇಕು" ಎಂದರು. ತೊಟ್ಟಿಯ ಬಿಸಿ ಎಷ್ಟಿರಬೇಕು, ಕರೆಂಟು ಎಷ್ಟು ಕೊಡಬೇಕು ಎಂದು ಬರೆಯುತ್ತೇನೆ ಅಂದುಕೊಂಡಿರಬೇಕು. ಅದೆಲ್ಲ ಗೋಡೆಯ ಮೇಲೆಯೇ ಇದೆ. ಏಳನೇ ಕ್ಲಾಸು ಓದಿದ ನಾನು ಅದನ್ನು ಮತ್ತೆ ಬರೆಯಬೇಕಾಗಿಲ್ಲ. ಆದರೆ ಗೋಡೆಯ ಮೇಲಿರುವ ಸಾಲುಗಳಲ್ಲಿ ಒಂದು ಹೇಗೆ ಬಂತು ಎಂಬುದು ಇಷ್ಟು ವರ್ಷ ನನ್ನೊಬ್ಬನಿಗೇ ಗೊತ್ತಿತ್ತು. "ಗ್ಲೌಸು ಹಾಕಿಕೊಳ್ಳುವಾಗ ಮಣಿಕಟ್ಟಿನ ಅಂಚನ್ನು ಮಾತ್ರ ಹಿಡಿಯಿರಿ, ಬೆರಳ ತುದಿಯನ್ನು ಮುಟ್ಟಬೇಡಿ" ಎಂಬ ಸಾಲು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಂಗಿ ರತ್ನಳ ಹೆಸರು ಕೆಟ್ಟದ್ದು ಆ ಸಾಲಿನ ಹಿಂದಿರುವ ತಪ್ಪಿನಿಂದ. ಕೆಡಿಸಿದವನು ನಾನು.

ನನಗೆ ಅನುಮಾನ ಕಲಿಸಿದವರು ಖಾದರ್ ಸಾಬರು. ಕಾಮಾಕ್ಷಿಪಾಳ್ಯದಲ್ಲಿ ಅವರದು ಕ್ರೋಮ್ ಪ್ಲೇಟಿಂಗ್ ಅಂಗಡಿ. ಸ್ಕೂಟರಿನ ಬಂಪರು, ಸೈಕಲ್ಲಿನ ಹ್ಯಾಂಡಲು, ನಲ್ಲಿ, ಕುರ್ಚಿಯ ಕಾಲು, ಹೀಗೆ ಹೊಳೆಯಬೇಕಾದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ನನ್ನ ಅರ್ಧ ಆಯುಸ್ಸು ಆ ತೊಟ್ಟಿಗಳ ಪಕ್ಕದಲ್ಲೇ ಕಳೆಯಿತು. ಒಂದು ಬೇಸಿಗೆಯಲ್ಲಿ ಎಲ್ಲ ಜಾಬುಗಳೂ ಮಂಕಾಗಿ, ಉಸಿರು ಬಿಟ್ಟ ಕನ್ನಡಿಯ ಹಾಗೆ ಬರತೊಡಗಿದವು. ಸಾಬರು ನಮ್ಮನ್ನು ಬೈಯಲಿಲ್ಲ, ರಾಸಾಯನಿಕವನ್ನು ಬದಲಾಯಿಸಲಿಲ್ಲ. ಚಹಾ ಕುಡಿದು ಮುಗಿಸಿ, "ನೀರು" ಎಂದರು. ಆ ವರ್ಷ ನಲ್ಲಿಯಲ್ಲಿ ನೀರು ಬಾರದೆ ಟ್ಯಾಂಕರ್ ತರಿಸುತ್ತಿದ್ದೆವು. ಟ್ಯಾಂಕರಿನವನು, ಸ್ವಂತ ಬೋರ್‌ವೆಲ್ ನೀರು, ದೇವರಾಣೆ ಎಂದ. ಸಾಬರು ಆಣೆಗೆ ತಲೆಯಾಡಿಸಿ, ಅವನು ಹೊರಟ ಮೇಲೆ ಮೊಪೆಡ್ ಹತ್ತಿ ಹಿಂಬಾಲಿಸಿದರು. ಮಧ್ಯಾಹ್ನ ಬಂದಾಗ ಅವರ ಗಡ್ಡದ ತುಂಬ ಧೂಳು, ಮುಖದ ತುಂಬ ನಗು.

"ಅರೆ ನಂಜುಂಡ, ಆ ನನ್ಮಗ ಬಾವಿ ಪಕ್ಕದಲ್ಲೇ ಸಾಬೂನ್ ಡ್ರಮ್ ತೊಳೀತವ್ನೆ! ನಮ್ದು ನಿಕಲ್ಲು ದಿನಾ ಸೋಪ್ ಹಚ್ಕೊಂಡು ಸ್ನಾನ ಮಾಡ್ತಾ ಇತ್ತು."

ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ನೋಡು, ನೀರನ್ನ ನಂಬಬೇಡ. ತಂತೀನ ನಂಬಬೇಡ. ಕೈನ ನಂಬಬೇಡ."

"ಯಾರ ಕೈ ಸಾಬ್?"

"ಯಾರ್ದಾದ್ರೂ. ಯಾರ್ದಾದ್ರೂ ಅಂದ್ರೆ ಯಾರ್ದಾದ್ರೂ."

ನಾನು ಮೊದಲ ಎರಡನ್ನು ಸರಿಯಾಗಿ ಕಲಿತೆ. ಮೂರನೆಯದನ್ನು ಕಲಿಯುವಾಗ ನನ್ನ ಕೈಯನ್ನು ಲೆಕ್ಕದಿಂದ ಬಿಟ್ಟುಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಮಾಕ್ಷಿಪಾಳ್ಯದ ಪ್ಲೇಟಿಂಗ್ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಸಾಬರಿಗೂ ವಯಸ್ಸಾಗಿತ್ತು. ಆಗ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಪ್ರಸಾದ್ ಸಾರ್ ಎಂಬ ಎಂಜಿನಿಯರು ಹೊಸ ಯೂನಿಟ್ಟು ಶುರು ಮಾಡಿದ್ದರು. ಸೊಂಟ ಮುರಿದವರಿಗೆ ಕೂರಿಸುವ ಟೈಟೇನಿಯಂ ಕೀಲುಗಳಿಗೆ, ಹಲ್ಲಿನ ಜಾಗಕ್ಕೆ ದವಡೆಯಲ್ಲಿ ಕೂರಿಸುವ ತಿರುಪುಗಳಿಗೆ ಬಿಳಿ ಲೇಪ ಹಾಕುವ ಕೆಲಸ. ಬೇರೆ ಕಂಪನಿಗಳು ಕೀಲು ಮಾಡಿ ಕಳಿಸುತ್ತಿದ್ದವು, ನಾವು ಲೇಪ ಹಾಕಿ ಹಿಂದಿರುಗಿಸುತ್ತಿದ್ದೆವು. ತೊಟ್ಟಿ, ಕರೆಂಟು ಬಲ್ಲವರು ಬೇಕು ಎಂದು ನನ್ನನ್ನು ಕರೆದರು.

ಸೇರಿದ ವಾರವೇ ನಾನು ಮಾಡಿದ ಅನಾಹುತ ಕೇಳಿ. ಸ್ಯಾಂಪಲ್ಲಿಗೆಂದು ಬಂದ ಕೀಲು ಕೈಯಲ್ಲಿ ಹಿಡಿದರೆ ಇಷ್ಟೇನಾ ಎನ್ನುವಷ್ಟು ಹಗುರ. ಮೈ ಮಾತ್ರ ಮರಳುಕಾಗದದ ಹಾಗೆ ಒರಟು. ಪಾಪ, ಪಾಲಿಶ್ ಮಾಡಲು ಮರೆತಿದ್ದಾರೆ ಎಂದುಕೊಂಡು ಬಫಿಂಗ್ ಚಕ್ರಕ್ಕೆ ಹಿಡಿದು ಉಜ್ಜಿದೆ. ಥಳಥಳ ಹೊಳೆಯಿತು. ಪ್ರಸಾದ್ ಸಾರ್ ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಏನ್ ನಂಜುಂಡಪ್ಪ ಇದು, ಕನ್ನಡಿ ಮಾಡಿ ಇಟ್ಟಿದೀರಲ್ಲ!"

"ಚೆನ್ನಾಗಿ ಬಂದಿದೆ ಅಲ್ವಾ ಸಾರ್?"

"ಇದು ಮೂಳೆ ಒಳಗೆ ಹೋಗೋದು ಕಣ್ರೀ. ಅಲ್ಲಿ ಯಾರು ಮುಖ ನೋಡ್ಕೋತಾರೆ? ಒರಟಾಗಿದ್ರೆ ತಾನೇ ಲೇಪ ಹಿಡಿಯೋದು. ಅದನ್ನ ಒರಟು ಮಾಡೋಕೇ ಅವರು ಒದ್ದಾಡಿರ್ತಾರೆ."

ಬೈದು ಮುಗಿದ ಮೇಲೆ ಸ್ಟೂಲು ಎಳೆದುಕೊಂಡು ತಿಳಿಸಿ ಹೇಳಿದರು. ಒಳ್ಳೆಯ ಮನುಷ್ಯ. "ಮೂಳೆ ಬಹಳ ಅನುಮಾನದ್ದು ನಂಜುಂಡಪ್ಪ. ಹೊರಗಿಂದ ಏನು ಬಂದ್ರೂ ಸುತ್ತ ಒಂದು ಪೊರೆ ಕಟ್ಟಿ ದೂರ ಇಡುತ್ತೆ. ನಾವು ಅದಕ್ಕೆ ಅದರದೇ ಸುಣ್ಣ ತೋರಿಸಿ, ನಾನೂ ನಿನ್ನ ಕಡೆಯವನೇ ಅಂತ ನಂಬಿಸಬೇಕು."

"ಅಂದ್ರೆ ಮೋಸ ಮಾಡೋದಾ ಸಾರ್?"

"ಸಂಬಂಧ ಬೆಳೆಸೋದು ಅನ್ನಿ" ಎಂದು ನಕ್ಕರು.

ಕೆಲಸ ಹೀಗೆ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಉಪ್ಪುಗಳನ್ನು ಶುದ್ಧ ನೀರಿನಲ್ಲಿ ಕರಗಿಸಿ, ಸ್ವಲ್ಪ ಹುಳಿ ಇರುವಂತೆ ನೋಡಿಕೊಂಡು, ಬೆಚ್ಚಗೆ ಇಡುವುದು. ಕೀಲನ್ನು ಅದರಲ್ಲಿ ತೂಗುಬಿಟ್ಟು ಕರೆಂಟಿನ ನೆಗೆಟಿವ್ ತುದಿ ಕೊಡುವುದು. ಆಗ ಲೋಹದ ಮೈಗೆ ತಾಗಿದ ನೀರಿನ ಹುಳಿ ಮಾತ್ರ ಇಳಿದು, ಕರಗಿದ್ದ ಸುಣ್ಣ ಅಲ್ಲೇ ಹರಳುಗಟ್ಟಿ ಕೂರುತ್ತದೆ. ಆಮೇಲೆ ಒಲೆಯಲ್ಲಿಟ್ಟು ಗಟ್ಟಿ ಮಾಡುವುದು. ಮೊದಮೊದಲು ಕರೆಂಟನ್ನು ಒಂದೇ ಸಮನೆ ಹರಿಸುತ್ತಿದ್ದೆವು. ಲೋಹದ ಮೇಲೆ ಗಾಳಿಗುಳ್ಳೆ ಎದ್ದು, ಗುಳ್ಳೆ ಕೂತಲ್ಲೆಲ್ಲ ತೂತು. ನೀರುದೋಸೆಗೆ ತೂತು ಚೆಂದ, ಕೀಲಿಗಲ್ಲ. ಆಮೇಲೆ ಪ್ರಸಾದ್ ಸಾರ್ ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ರೆಕ್ಟಿಫೈಯರ್ ತಂದರು. ಕರೆಂಟು ನಿಂತಾಗ ಗುಳ್ಳೆ ಕಳಚಿಕೊಂಡು ಮೇಲೇಳುತ್ತದೆ, ಬಂದಾಗ ಲೇಪ ಕೂರುತ್ತದೆ. ನಾನು ಕಂಡ ಬದಲಾವಣೆಗಳಲ್ಲಿ ದೊಡ್ಡದು ಇದು. ಈಗಿನವರಿಗೆ ಗುಳ್ಳೆಯ ಕಾಟ ಗೊತ್ತೇ ಇಲ್ಲ.

ತಪಾಸಣೆಗೆ ವಿಮಲಾ ಮೇಡಂ ಇದ್ದರು. ಅವರ ಅನುಮಾನದ ಮುಂದೆ ಖಾದರ್ ಸಾಬರೂ ಶಿಷ್ಯರೇ. ಬಾಗಿಲಲ್ಲಿ ನಿಂತು ಮೂಗಿನಿಂದಲೇ ಹಾಜರಿ ಹಾಕುತ್ತಿದ್ದರು. "ಇವತ್ತು ಚಿತ್ರಾನ್ನನಾ? ಹೋಗಿ, ಮತ್ತೆ ಕೈ ತೊಳ್ಕೊಂಡು ಬನ್ನಿ." ಯಾರಾದರೂ ಹಣೆ ಒರೆಸಿಕೊಂಡರೆ, ಮೂಗು ಮುಟ್ಟಿಕೊಂಡರೆ ಗಾಜಿನ ಆಚೆಯಿಂದಲೇ ಬೆರಳು ತೋರಿಸುತ್ತಿದ್ದರು. ಆ ಶೆಡ್ಡಿನಲ್ಲಿ ತುರಿಕೆಯಾದರೆ ಸಹಿಸಿಕೊಳ್ಳಬೇಕು. ನನಗೆ ಅದು ಹಿಡಿಸಿತ್ತು. ಜಾಬನ್ನು ಆಸ್ಪತ್ರೆಯಲ್ಲಿ ಯಾರದೋ ಮೈಯೊಳಗೆ ಇಡುತ್ತಾರೆ ಎಂದು ತಿಳಿದ ಮೇಲೆ, ರಸ್ತೆಯಲ್ಲಿ ಕುಂಟುತ್ತಾ ಹೋಗುವವರನ್ನು ಕಂಡರೆ ನನ್ನ ಕಣ್ಣು ಅವರ ಹಿಂದೆಯೇ ಹೋಗುತ್ತಿತ್ತು.

ರತ್ನ ನನಗಿಂತ ಬಹಳ ಚಿಕ್ಕವಳು. ಗಂಡ ಬಿಟ್ಟು ಹೋದ ಮೇಲೆ ಮಗಳನ್ನು ಕರೆದುಕೊಂಡು ಚಂದ್ರಾ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲೇ ಇದ್ದಳು. ಬೇರೆ ಮನೆ ಮಾಡಬೇಕು, ನಿನ್ನ ಹೆಂಡತಿ ಮಕ್ಕಳಿಗೆ ಎಷ್ಟು ದಿನ ಭಾರವಾಗಲಿ ಎನ್ನುತ್ತಿದ್ದಳು. ತೊಳೆಯುವ ಕೆಲಸಕ್ಕೆ ಜನ ಬೇಕು ಎಂದಾಗ ಅವಳನ್ನು ಸೇರಿಸಿದೆ.

ತೊಳೆಯುವುದು ಸಣ್ಣ ಕೆಲಸವಲ್ಲ. ಸೋಪಿನ ನೀರು, ಬಿಸಿ ನೀರು, ಆಮ್ಲ, ಮತ್ತೆ ಶುದ್ಧ ನೀರು. ಕೊನೆಗೆ ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಬೇಕು. ಲೋಹ ಪೂರ್ತಿ ಶುದ್ಧವಾಗಿದ್ದರೆ ನೀರು ಅದರ ಮೈಮೇಲೆ ಒಂದೇ ಹಾಳೆಯಾಗಿ ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಜಿಡ್ಡಿದ್ದರೂ ಅಲ್ಲಿ ಹಾಳೆ ಒಡೆದು ಹನಿಯಾಗುತ್ತದೆ. ಒಡೆದರೆ ಮೊದಲಿನಿಂದ ತೊಳೆಯಬೇಕು. ರತ್ನ ಇದನ್ನು ಬೇಗ ಕಲಿತಳು. ತಲೆ ಓರೆ ಮಾಡಿ, ಒಂದು ಕಣ್ಣು ಕಿರಿದು ಮಾಡಿ ನೋಡಿ, "ಸರಿ ಇದೆ" ಎಂದು ನನ್ನ ಕಡೆ ಚಾಚುತ್ತಿದ್ದಳು. ನಾನು ಗ್ಲೌಸು ಹಾಕಿದ ಕೈಯಲ್ಲಿ ತೆಗೆದುಕೊಂಡು ಹುಕ್ಕಿಗೆ ಸಿಕ್ಕಿಸಿ ತೊಟ್ಟಿಗೆ ಇಳಿಬಿಡುತ್ತಿದ್ದೆ. ಅವಳ "ಸರಿ ಇದೆ" ಬಂತೆಂದರೆ ನಾನು ಮತ್ತೆ ನೋಡುತ್ತಿರಲಿಲ್ಲ.

"ಅಣ್ಣ ತಂಗಿ ಇಬ್ರೂ ಮಾತೇ ಆಡಲ್ವಲ್ಲ ಕೆಲಸದಲ್ಲಿ" ಎಂದು ಪ್ರಸಾದ್ ಸಾರ್ ತಮಾಷೆ ಮಾಡುತ್ತಿದ್ದರು.

"ಮನೇಲಿ ಅತ್ತಿಗೆ ಎಲ್ಲ ಆಡಿ ಮುಗ್ಸಿರ್ತಾರೆ ಸಾರ್" ಎನ್ನುತ್ತಿದ್ದಳು ರತ್ನ.

ಹೀಗಿರುವಾಗ ಲೇಪ ಕಿತ್ತು ಏಳತೊಡಗಿತು. ಪ್ರತಿ ಪೆಟ್ಟಿಗೆಯಲ್ಲಿ ಒಂದಷ್ಟು ಕೀಲು ಮಾತ್ರ. ಟೇಪು ಎಳೆದರೆ ಕೀಲಿನ ಕುತ್ತಿಗೆಯ ಹತ್ತಿರ ಬೆರಳ ತುದಿಯಷ್ಟು ಜಾಗ ಬೋಳು. ಪೆಟ್ಟಿಗೆ ತುಂಬಿದ ಮೇಲೆಯೇ ಟೇಪು ಪರೀಕ್ಷೆ ನಡೆಯುತ್ತಿದ್ದರಿಂದ ಯಾವುದು ಯಾವ ದಿನದ್ದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಅಂಥ ಪೆಟ್ಟಿಗೆಯಲ್ಲಿ ಒಂದನ್ನೂ ಹೊರಗೆ ಬಿಡುತ್ತಿರಲಿಲ್ಲ. ಲೇಪವನ್ನು ಆಮ್ಲದಲ್ಲಿ ಕರಗಿಸಿ ಎಲ್ಲವನ್ನೂ ಮತ್ತೆ ಮಾಡುತ್ತಿದ್ದೆವು.

ನಾನು ನೀರನ್ನು ಅನುಮಾನಿಸಿದೆ. ಶುದ್ಧೀಕರಿಸುವ ಯಂತ್ರವನ್ನು ಬಿಚ್ಚಿ ತೊಳೆದೆ. ತಂತಿಯನ್ನು ಅನುಮಾನಿಸಿ ಹುಕ್ಕುಗಳನ್ನೆಲ್ಲ ಬದಲಾಯಿಸಿದೆ. ಉಪ್ಪಿನ ಹೊಸ ಡಬ್ಬ ತರಿಸಿದರು. ಆದರೂ ಏಳುವುದು ನಿಲ್ಲಲಿಲ್ಲ. ಕೀಲು ಕಳಿಸುತ್ತಿದ್ದ ಕಂಪನಿಯವರು ಬಂದು, ಇನ್ನು ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಹೇಳಿ ಹೋದರು. ಮೇಡಂ ಬೋಳು ಜಾಗದ ಮೇಲೆ ತಮ್ಮ ಹೆಬ್ಬೆರಳಿಟ್ಟು ತೋರಿಸಿದರು. "ಸಾರ್, ಇದು ನೀರಲ್ಲ, ಕರೆಂಟಲ್ಲ. ಇದು ಯಾರದೋ ಕೈ."

ಆ ಜಾಗ ಮುಟ್ಟುವವರು ಇಬ್ಬರೇ. ತೊಳೆದು ಕೊಡುವ ರತ್ನ, ತೆಗೆದುಕೊಂಡು ಸಿಕ್ಕಿಸುವ ನಾನು. ನಾನು ಗ್ಲೌಸು ಹಾಕುತ್ತಿದ್ದೆ. ರತ್ನಳಿಗೆ ಇಕ್ಕಳವಿತ್ತು, ಆದರೆ ಕೈಗೆ ಏನೂ ಇರಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು, ನನ್ನದೂ.

ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಎಂದರು ಮೇಡಂ. ಮಾರನೇ ದಿನದಿಂದ ಅವಳು ಒಣ ಕೂದಲನ್ನು ಬಿಗಿದು ಕಟ್ಟಿ, ಹೂ ಮುಡಿಯದೆ ಬರತೊಡಗಿದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರು, ಮನೇಲಿ ಯಾರಾದ್ರೂ ಹೋದ್ರೇನಮ್ಮ ಎಂದು ಕೇಳಿದರಂತೆ. ಅದನ್ನು ಅವಳು ನಗುತ್ತಲೇ ಹೇಳಿದಳು. ಲೇಪ ಮಾತ್ರ ಏಳುತ್ತಲೇ ಇತ್ತು.

ಒಮ್ಮೆ ಅನುಮಾನ ಹೊಕ್ಕರೆ ಎಲ್ಲವೂ ಸಾಕ್ಷಿಯಾಗುತ್ತದೆ. ಅವಳು ಬೇಗ ಮನೆಗೆ ಹೋಗಬೇಕೆಂದು ಒಂದು ತೊಳೆತ ಬಿಡುತ್ತಿರಬಹುದೇ? ಮಗಳ ಚಿಂತೆಯಲ್ಲಿ ನೋಡದೆಯೇ "ಸರಿ ಇದೆ" ಎನ್ನುತ್ತಿರಬಹುದೇ? ತೊಟ್ಟಿಯ ಹಿಂದಿನ ಸ್ಟೀಲ್ ತಗಡಿನಲ್ಲಿ ಬೀಳುವ ಅವಳ ಪ್ರತಿಬಿಂಬವನ್ನು ನಾನು ಕದ್ದು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಮೆಟ್ಟಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಅವಳ ಬ್ಯಾಗನ್ನು ತೆಗೆದೆ. ಊಟದ ಡಬ್ಬಿ, ಬಾಚಣಿಗೆ, ಮಗಳ ಹರಿದ ಸಾಕ್ಸು, ತಳದಲ್ಲಿ ಒಂದು ಸಣ್ಣ ಬಾಟಲಿ. ಮುಚ್ಚಳ ತಿರುಗಿಸಿದಾಗ ಅದರಡಿ ಸಿಕ್ಕಿಸಿದ್ದ ಬಟ್ಟೆ ಚೂರೊಂದು ಕೆಳಗೆ ಬಿತ್ತು. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ.

ಅದನ್ನು ನಾನು ರತ್ನಳಿಗೆ ತೋರಿಸಿ ಕೇಳಬೇಕಿತ್ತು. ನೇರವಾಗಿ ಮೇಡಂ ಮೇಜಿನ ಮೇಲೆ ಇಟ್ಟೆ.

ಪ್ರಸಾದ್ ಸಾರ್ ಅವಳನ್ನು ಕರೆಸಿದರು. ರತ್ನ ಬಾಟಲಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಸಾರ್, ಇದು ಮನೆಗೆ ಹೋಗೋವಾಗ ಹಚ್ಕೊಳ್ಳೋದು" ಎಂದು ಎರಡೂ ಅಂಗೈ ಚಾಚಿದಳು. ಸೋಪು, ಬಿಸಿ ನೀರು ಬಿದ್ದು ಬಿದ್ದು ಬೆರಳ ಗೆಣ್ಣುಗಳು ಬಿರಿದಿದ್ದವು. ನಾನು ಅವಳ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದವನು. ಆ ಬಿರುಕುಗಳನ್ನು ಮೊದಲ ಸಲ ನೋಡಿದ್ದು ಆಗಲೇ.

"ಏನು ಹೇಳ್ತೀರಿ ನಂಜುಂಡಪ್ಪ? ನಿಮ್ಮ ತಂಗಿ, ನೀವೇ ಹೇಳಿ" ಎಂದರು ಸಾರ್.

"ಸಾರ್, ಎಣ್ಣೆ ಎಣ್ಣೆನೇ" ಎಂದೆ. ಅಂದೇ ಅವಳನ್ನು ಕೆಲಸದಿಂದ ಬಿಡಿಸಿದರು.

ಸಂಜೆ ಬಸ್ ಸ್ಟಾಪಿನಲ್ಲಿ ಅವಳು ನನ್ನಿಂದ ಸ್ವಲ್ಪ ದೂರ ನಿಂತಿದ್ದಳು. "ಅಣ್ಣ, ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದಳು. ಬಸ್ಸು ಬಂತು. ಹೆಂಗಸರ ಸೀಟಿನ ಕಡೆ ಹೋಗಿ ಕಿಟಕಿಗೆ ಮುಖ ಮಾಡಿ ಕೂತಳು. ಆ ತಿಂಗಳಲ್ಲೇ ಮಗಳನ್ನು ಕರೆದುಕೊಂಡು ನಮ್ಮ ಮನೆ ಬಿಟ್ಟು ಮಲ್ಲತ್ತಹಳ್ಳಿ ಕಡೆ ಒಂದು ಕೋಣೆ ಹಿಡಿದಳು.

ಅವಳು ಕೆಲಸ ಬಿಟ್ಟ ವಾರವೇ ಕೆಂಗೇರಿಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಸೂತಕದ ದಿನಗಳಲ್ಲಿ ಬಂಧುಗಳೆಲ್ಲ ಸೇರಿದ್ದಾಗ ಯಾರೋ, ರತ್ನ ಯಾಕೆ ಕೆಲಸ ಬಿಟ್ಟಳು ಎಂದು ಕೇಳಿದರು. "ಗಮನ ಇಟ್ಟು ಮಾಡ್ಲಿಲ್ಲ, ಬಿಡಿಸಿದ್ರು" ಎಂದೆ. ಅವಳು ಹಿಂದೆಯೇ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಲೋಟವನ್ನು ನನ್ನ ಮುಂದಿಟ್ಟು ಮುಂದೆ ಹೋದಳು.

ಇತ್ತ ಯೂನಿಟ್ಟಿನಲ್ಲಿ ಲೇಪ ಏಳುವುದು ನಿಂತೇಹೋಯಿತು. ತೊಳೆಯಲು ಹೊಸ ಹೆಂಗಸು ಬಂದಿದ್ದಳು. ಸೂತಕದ ನಡುವೆ ನಾನು ಕೆಲಸಕ್ಕೆ ಹೋದಾಗ ಮೇಡಂ, "ನೋಡಿದ್ರಾ, ಈ ಪೆಟ್ಟಿಗೇಲಿ ಒಂದೂ ಎದ್ದಿಲ್ಲ" ಎಂದರು. ತಂಗಿಯ ಅನ್ನ ಕಿತ್ತುಕೊಂಡವನಿಗೆ ದುಃಖವಾಗಬೇಕು. ನನಗೆ ಆದದ್ದು ಸಮಾಧಾನ. ನನ್ನ ಅನುಮಾನ ಸರಿಯಾಗಿತ್ತಲ್ಲ ಎಂಬ ಸಮಾಧಾನ. ಹೊಸದಾಗಿ ಸೇರುವವರಿಗೆ ಹೇಳುತ್ತೇನೆ, ಇಂಥ ಸಮಾಧಾನ ಬಂದಾಗ ಎಚ್ಚರವಾಗಿರಿ.

ನಮ್ಮ ಯೂನಿಟ್ಟಿನಲ್ಲಿ ರೆಕ್ಟಿಫೈಯರ್ ಮೇಲಿನ ಹಲಗೆಯಲ್ಲಿ ದೇವರ ಪಟವಿತ್ತು. ಶುಕ್ರವಾರ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಪೂಜೆ. ಮೊದಲಿನಿಂದಲೂ ಅದು ನನ್ನ ಪಾಲಿನದು. ಎಳ್ಳೆಣ್ಣೆ ಹಾಕಿ, ಬತ್ತಿ ಮುಂದಕ್ಕೆ ಎಳೆದು, ದೀಪ ಹಚ್ಚಿ, ಹೂವಿಟ್ಟು, ಮಂಗಳಾರತಿ ಮಾಡುತ್ತಿದ್ದೆ. ದೇವರ ದೀಪ ಮುಟ್ಟಿದ ಕೈಯನ್ನು ಕೂಡಲೇ ತೊಳೆಯಬಾರದು, ತಲೆಗೆ ಸವರಿಕೊಳ್ಳಬೇಕು ಎಂದು ನಮ್ಮಮ್ಮ ಕಲಿಸಿದ್ದಳು. ಹಾಗೇ ಮಾಡುತ್ತಿದ್ದೆ. ಆಮೇಲೆ ಗ್ಲೌಸು ಹಾಕಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದೆ. ದೀಪದ ಎಣ್ಣೆಯೂ ಎಣ್ಣೆಯೇ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮೇಡಂ ಕೂಡ ಆರತಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ತಮ್ಮ ಗಾಜಿನ ಕೋಣೆಗೆ ಹೋಗುತ್ತಿದ್ದರು. ಚಿತ್ರಾನ್ನವನ್ನು ಮೂಸಿ ಹಿಡಿಯುವವರು ದೇವರ ಮುಂದೆ ಮೂಗು ಮುಚ್ಚಿಕೊಂಡಿದ್ದರು.

ಸೂತಕದಲ್ಲಿ ನಾನು ದೀಪ ಮುಟ್ಟುವಂತಿರಲಿಲ್ಲ. ಆ ಶುಕ್ರವಾರಗಳಲ್ಲಿ ಪೂಜೆ ನಡೆಯಲಿಲ್ಲ.

ಸೂತಕ ಕಳೆದ ಮೇಲಿನ ಶುಕ್ರವಾರ ಮತ್ತೆ ಪೂಜೆ ಮಾಡಿದೆ. ಗ್ಲೌಸು ಹೊಸ ಜೊತೆ, ಲೇಪ ಏಳುವುದಕ್ಕೆ ಸ್ವಲ್ಪ ಮುಂಚೆ ತರಿಸತೊಡಗಿದ್ದ ಬಿಗಿ ಜಾತಿಯದು. ಬೆರಳ ತುದಿಗಳನ್ನು ಹಿಡಿದು ಎಳೆದೆಳೆದು ಹಾಕಿಕೊಂಡೆ. ಹೊಸ ಹೆಂಗಸು ತೊಳೆದ ಕೀಲನ್ನು ಚಾಚುವಾಗ ಒಂದಿಷ್ಟು ನೀರು ನನ್ನ ಗ್ಲೌಸಿನ ಮೇಲೆ ಸಿಡಿಯಿತು. ನೋಡುತ್ತೇನೆ, ಹೆಬ್ಬೆರಳಿನ ಮತ್ತು ತೋರುಬೆರಳಿನ ತುದಿಯಲ್ಲಿ ನೀರು ಗುಂಡು ಗುಂಡಾಗಿ ಕೂತಿದೆ. ಬಾಳೆ ಎಲೆಯ ಮೇಲಿನ ಹನಿಯ ಹಾಗೆ. ಗ್ಲೌಸಿನ ಉಳಿದ ಭಾಗದಲ್ಲಿ ಹಾಗಿಲ್ಲ.

ಕೈ ಅಲ್ಲೇ ನಿಂತಿತು. ಎಣ್ಣೆಗೈಯಲ್ಲಿ ಬೆರಳ ತುದಿ ಹಿಡಿದು ಗ್ಲೌಸು ಎಳೆದುಕೊಂಡವನು ನಾನು. ಅದೇ ಬೆರಳಿನಿಂದ ಕೀಲಿನ ಕುತ್ತಿಗೆ ಹಿಡಿಯುವವನು ನಾನು. ತೊಳೆದು, ಬೆಳಕಿಗೆ ಹಿಡಿದು, ಸರಿ ಇದೆ ಎಂದು ರತ್ನ ಕೊಟ್ಟದ್ದನ್ನು ಕೊನೆಯ ಗಳಿಗೆಯಲ್ಲಿ ಕೆಡಿಸುತ್ತಿದ್ದವನು ನಾನು.

"ಏನಾಯ್ತಣ್ಣ?" ಎಂದಳು ಹೊಸ ಹೆಂಗಸು.

"ಏನಿಲ್ಲ, ಗ್ಲೌಸು ಹರಿದಿದೆ" ಎಂದೆ.

ಆ ಗ್ಲೌಸನ್ನು ಬಿಸಾಡಿ, ಸೋಪಿನಲ್ಲಿ ಕೈ ಉಜ್ಜಿ ತೊಳೆದು, ಹೊಸದನ್ನು ಅಂಚು ಹಿಡಿದು ಹಾಕಿಕೊಂಡೆ. ಬೆಳಿಗ್ಗೆ ತೊಟ್ಟಿಗಿಳಿಸಿದ್ದ ಕೀಲುಗಳನ್ನು ಎತ್ತಿ ಆಮ್ಲಕ್ಕೆ ಹಾಕಿ ಮೊದಲಿನಿಂದ ಮಾಡಿದೆ. ಪೂಜೆಯನ್ನು ಸಂಜೆ ಕೆಲಸ ಮುಗಿದ ಮೇಲಕ್ಕೆ ತಳ್ಳಿದೆ. ಸಂಜೆ ದೀಪ ಇನ್ನೂ ಒಳ್ಳೇದು ಎಂದರು ಪ್ರಸಾದ್ ಸಾರ್. ಆಮೇಲೆ ಲೇಪ ಹಾಗೆ ಎದ್ದದ್ದೇ ಇಲ್ಲ. ಕೆಲವು ದಿನ ಕಳೆದು ನಾನೇ ಹೇಳಿ ಗೋಡೆಯ ಮೇಲೆ ಆ ಸಾಲನ್ನು ಬರೆಸಿದೆ. ಮೇಡಂ ಅದನ್ನು ಓದಿ ನನ್ನ ಕಡೆ ತಿರುಗಿದರು.

"ಇದ್ಯಾಕೆ ಈಗ ನಂಜುಂಡಪ್ಪ?"

"ಒಳ್ಳೇದು ಮೇಡಂ, ಎಚ್ಚರಿಕೆಗೆ."

ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ? ಇಲ್ಲ. ಅವತ್ತೇ ಹೇಳಿದ್ದರೆ ರತ್ನಳನ್ನು ವಾಪಸು ಕರೆಸುತ್ತಿದ್ದರು. ಬಂಧುಗಳ ಮುಂದೆ ಅವಳ ತಲೆ ಮೇಲಾಗುತ್ತಿತ್ತು. ನನ್ನದು ಕೆಳಗಾಗುತ್ತಿತ್ತು, ಅಷ್ಟೇ. ಅಷ್ಟಕ್ಕೆ ಹೆದರಿದೆ. ತೊಟ್ಟಿಯ ಹತ್ತಿರ ನಿಂತಾಗಲೆಲ್ಲ ನನ್ನ ಪಕ್ಕದ ಜಾಗದಿಂದ "ಸರಿ ಇದೆ" ಎನ್ನುವ ದನಿ ಬರುತ್ತದೆ ಅನ್ನಿಸುತ್ತಿತ್ತು. ಹೊಸ ಹೆಂಗಸು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಚಾಚುತ್ತಿದ್ದಳು. ನಾನು ಪ್ರತಿಯೊಂದನ್ನೂ ಮತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಪ್ರತಿ ವರ್ಷ ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಂಡು ರತ್ನಳ ಮನೆಗೆ ಹೋಗುತ್ತಿದ್ದೆ. ಹೇಳಬೇಕು ಎಂದುಕೊಂಡು ಹೋಗಿ, ಮೊರ ಕೊಟ್ಟು, ಕಾಫಿ ಕುಡಿದು ಬರುತ್ತಿದ್ದೆ. ಅವಳು ನಮ್ಮ ಮನೆಗೂ ಬರುತ್ತಿದ್ದಳು, ಕರೆದರೆ ಮಾತ್ರ. ಬಂದರೆ ಏನನ್ನೂ ಮುಟ್ಟುತ್ತಿರಲಿಲ್ಲ. "ನಿಮ್ಮ ತಂಗಿ ನಮ್ಮನೆ ನೀರಿನ ಕೊಡ ಸಹ ನನ್ನ ಕೇಳದೆ ಮುಟ್ಟಲ್ಲ, ಯಾಕೇಂತ?" ಎಂದು ನನ್ನ ಹೆಂಡತಿ ಕೇಳಿದ್ದಳು. ನನಗೆ ಗೊತ್ತಿತ್ತು.

ನಿವೃತ್ತನಾದ ಮೇಲಿನ ಗೌರಿಹಬ್ಬಕ್ಕೆ ಹೋದಾಗ ಅವಳು ರೊಟ್ಟಿ ತಟ್ಟುತ್ತಿದ್ದಳು. ಪಕ್ಕದ ಮನೆಯ ನೀಲವ್ವ ಗದಗದ ಕಡೆಯವರು. ಇಬ್ಬರೂ ಸೇರಿ ಜೋಳದ ರೊಟ್ಟಿ ಮಾಡಿ ಹಾಸ್ಟೆಲ್ ಹುಡುಗರಿಗೆ ಕೊಡುತ್ತಾರೆ. ಹಬ್ಬದ ದಿನವೂ ಬಿಡುವಿಲ್ಲ.

"ಬರ್ರಿ ಅಣ್ಣಾರ, ಕುಂದರ್ರಿ. ನಿಮ್ಮ ತಂಗಿ ರೊಟ್ಟಿ ಈಗ ನನ್ನವಕ್ಕಿಂತ ತೆಳ್ಳಗ ಆಗ್ಯಾವ ನೋಡ್ರಿ" ಎಂದು ನೀಲವ್ವ ಬುಟ್ಟಿ ಎತ್ತಿಕೊಂಡು ಹೊರಗೆ ಹೋದರು.

ಬಾಗಿನ ಇಟ್ಟು ಒಲೆಯ ಹತ್ತಿರವೇ ಕೂತೆ. ಇನ್ನು ತಡ ಮಾಡಿದರೆ ಮತ್ತೆ ಕಾಫಿ ಕುಡಿದು ಹೊರಡುತ್ತೇನೆ ಎಂದು ಗೊತ್ತಿತ್ತು.

"ರತ್ನ, ಆ ಲೇಪ ಎದ್ದು ಬರ್ತಿತ್ತಲ್ಲ, ಅದು ನಿನ್ನಿಂದ ಅಲ್ಲ."

"ನನ್ನಿಂದ ಅಲ್ಲ ಅಂತ ನಂಗೊತ್ತಿಲ್ವಾ?" ಕೈ ತಟ್ಟುತ್ತಲೇ ಇತ್ತು.

"ನನ್ನಿಂದ. ಶುಕ್ರವಾರ ದೀಪ ಹಚ್ಚಿ, ಅದೇ ಕೈಯಲ್ಲಿ ಗ್ಲೌಸು ಎಳ್ಕೋತಿದ್ದೆ."

ತಟ್ಟುವುದು ನಿಂತಿತು. ರೊಟ್ಟಿ ಅರ್ಧಕ್ಕೇ ಉಳಿಯಿತು. "ಯಾವಾಗ ಗೊತ್ತಾಯ್ತು?"

ಇದೊಂದನ್ನು ಕೇಳದಿರಲಿ ಎಂದು ಬಸ್ಸಿನುದ್ದಕ್ಕೂ ಬೇಡಿಕೊಂಡಿದ್ದೆ. "ದೊಡ್ಡಪ್ಪನ ಸೂತಕ ಕಳೀತಲ್ಲ, ಆ ಶುಕ್ರವಾರ."

"ಅಂದ್ರೆ ಆಗಲೇ."

"ಹೂಂ."

"ಆಮೇಲೆ ಎಷ್ಟು ಗೌರಿಹಬ್ಬ ಬಂತಣ್ಣ?"

ಅವಳು ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿ ಮೊದಲಿನಿಂದ ತಟ್ಟತೊಡಗಿದಳು. ತಟ್ಟುತ್ತಲೇ, "ಬ್ಯಾಗ್ ತೆಗ್ದಿದ್ದು ನೀನೇ ಅಂತ ಆವತ್ತೇ ಸಾರ್ ಮುಂದೆ ನಿನ್ನ ಮುಖ ನೋಡಿ ಗೊತ್ತಾಗಿತ್ತು. ಮುಚ್ಚಳದ ಕೆಳಗೆ ಬಟ್ಟೆ ಚೂರು ಇಡ್ತಿದ್ದೆ, ಸೋರದೆ ಇರ್ಲಿ ಅಂತ. ನೀನು ಅದನ್ನ ಬಿಟ್ಟು ಮುಚ್ಚಿದ್ದೆ. ಮೆಟ್ಟಿಲ ಹತ್ರ ಬಿದ್ದಿತ್ತು, ಎತ್ಕೊಂಡೆ" ಎಂದಳು. "ಬೇರೆಯವ್ರು ತೆಗ್ದಿದ್ರೆ ಜಗಳ ಆಡ್ತಿದ್ದೆ."

"ಪ್ರಸಾದ್ ಸಾರ್‌ಗೆ, ಮೇಡಂಗೆ, ಕೆಂಗೇರಿಯವರಿಗೆ, ಎಲ್ಲರಿಗೂ ಹೇಳ್ತೀನಿ. ಬರೆದೂ ಕೊಡ್ತೀನಿ."

"ಹೇಳು" ಎಂದಳು. ಬೇಡ ಬಿಡಣ್ಣ ಎನ್ನಬಹುದು ಎಂದು ನನ್ನೊಳಗೆ ಒಂದು ಆಸೆಯಿತ್ತು. ಅವಳು ಹಾಗೆ ಅನ್ನಲಿಲ್ಲ. "ಕೆಂಗೇರಿಯವರಿಗೆ ಮೊದಲು ಹೇಳು. ಅಲ್ಲಿ ಎಲ್ಲರ ಮುಂದೆ ಹೇಳಿದ್ದೆ, ಎಲ್ಲರ ಮುಂದೆನೇ ಹೇಳು."

ತಟ್ಟೆಗೆ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿ ಕೊಟ್ಟಳು. ಉಂಡೆ. ಎಣ್ಣೆಯಾದ ತಟ್ಟೆಯನ್ನು ಅವಳು ಕೇಳುವ ಮುಂಚೆಯೇ ಎತ್ತಿಕೊಂಡು ಹಿತ್ತಲ ನಲ್ಲಿಯಲ್ಲಿ ತೊಳೆದು ತಂದು ಕೊಟ್ಟೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ತಲೆ ಓರೆಯಾಯಿತು, ಒಂದು ಕಣ್ಣು ಕಿರಿದಾಯಿತು. ಅಂಚಿನ ಹತ್ತಿರ ನೀರು ಒಡೆದು ಹನಿಯಾಗಿತ್ತು.

"ಇನ್ನೊಂದ್ಸಲ ತೊಳಿ."

ಹೋಗಿ ಸೋಪು ಹಚ್ಚಿ ಉಜ್ಜಿದೆ. ಹಿಂದಿರುಗಿ ಕೊಟ್ಟೆ. ಮತ್ತೆ ಬೆಳಕಿಗೆ ಹಿಡಿದಳು. ನೀರು ಒಂದೇ ಹಾಳೆಯಾಗಿ ನಿಧಾನಕ್ಕೆ ಇಳಿಯಿತು.

"ಸರಿ ಇದೆ" ಎಂದಳು.

ತೊಟ್ಟಿಯ ಪಕ್ಕದಲ್ಲಿ ಚಾಚುತ್ತಿದ್ದ ಹಾಗೆಯೇ ತಟ್ಟೆಯನ್ನು ನನ್ನ ಕಡೆ ಚಾಚಿದಳು. ಗೂಡಿನಲ್ಲಿ ಇಡಲೆಂದು ನಾನು ಕೈ ಮುಂದೆ ಮಾಡಿದೆ. ಅವಳು ಕ್ಷಣ ತಡೆದಳು.

"ಕೈ ನೋಡ್ಕೊಂಡು ಹಿಡ್ಕೋ ಅಣ್ಣ."